ಶ್ರುತಿಯೂ ವೋಲ್ಟೇಜೂ

ಕನ್ನಡ ಪಂಡಿತನಿಗೂ ಆಪರೇಷನಲ್ ಆಂಪ್ಲಿಫೈಯರ್ ಎಂಬ ವಿದ್ಯುದುಪಕರಣಕ್ಕೂ ಎಲ್ಲಿಯ ನಂಟೆಂದು ವಾಚಕ ಮಹಾಶಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಬಹುಕಾಲದಿಂದ ಗಮಕ ವಾಚನ ಮಾಡುತ್ತ ಬಂದಿರುವ ನನಗೆ ಆ ನಂಟು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ದೊರೆಯಿತು. ವಿದ್ಯಾರ್ಥಿಯೊಬ್ಬನು ಗಮಕದ ದನಿಯನ್ನು ಮೈಕಿನಿಂದ ಪಡೆದು, 741 ಎಂಬ ಐ.ಸಿ.ಯಿಂದ ವರ್ಧಿಸಿ, ಆಸಿಲೋಸ್ಕೋಪಿನ ತೆರೆಯ ಮೇಲೆ ತೋರಿಸಲು ಹವಣಿಸಿದ್ದನು. ಮೂಡಿದ ಅಲೆ ವಿಕಾರವಾಗಿತ್ತು. ಹೆಚ್ಚು ಬೆಲೆಯ ಪವರ್ ಸಪ್ಲೈ ದೊರೆಯದಿದ್ದರೆ ಪ್ರಯೋಗವನ್ನೇ ಕೈಬಿಡುವೆನೆಂದು ಅವನು ಖಿನ್ನನಾಗಿ ನುಡಿದನು.

ವಿಜ್ಞಾನದ ಉಪಾಧ್ಯಾಯರು ವಿವರಿಸಿದ ತತ್ತ್ವ ಸರಳವಾದುದು. ದನಿಯ ಅಲೆ ಸೊನ್ನೆಯಿಂದ ಮೇಲಕ್ಕೇರುವಂತೆ ಕೆಳಕ್ಕೂ ಇಳಿಯುತ್ತದೆ. ಹುಡುಗನು 9 ವೋಲ್ಟಿನ ಒಂದೇ ಬ್ಯಾಟರಿಯನ್ನು ಕಟ್ಟಿ, ಅದರ ಋಣಾಗ್ರವನ್ನೇ ಸೊನ್ನೆಯೆಂದು ಹಿಡಿದಿದ್ದನು. ಇಳಿಯಲು ಎಡೆಯೇ ಇರಲಿಲ್ಲ. ಆಂಪ್ಲಿಫೈಯರು ತನಗೆ ಒದಗಿದ ವೋಲ್ಟೇಜಿನ ಎಲ್ಲೆಯನ್ನು ಮೀರಲಾರದು. 741 ಅಂತೂ ಎರಡು ಅಂಚುಗಳಿಗೂ ಒಂದೆರಡು ವೋಲ್ಟ್ ಮೊದಲೇ ನಿಂತುಬಿಡುತ್ತದೆ.

ಗಮಕಿಯು ಇದನ್ನು ಚೆನ್ನಾಗಿ ಬಲ್ಲನು. ಷಡ್ಜವನ್ನು ತೀರ ಕೆಳಗಿಟ್ಟರೆ ಮಂದ್ರದಲ್ಲಿ ದನಿ ಅಡಗುತ್ತದೆ. ತೀರ ಮೇಲಿಟ್ಟರೆ ತಾರದಲ್ಲಿ ಒಡೆಯುತ್ತದೆ. ಕಂಠಬಲವೆಷ್ಟಿದ್ದರೂ ನೆಲೆ ತಪ್ಪಿದರೆ ವಾಚನ ಕೆಡುತ್ತದೆ.

ಪರಿಹಾರ ಅಲ್ಪವೆಚ್ಚದ್ದಾಗಿತ್ತು: ಅಂಥದೇ ಇನ್ನೊಂದು ಬ್ಯಾಟರಿ. ಒಂದರ ಧನಾಗ್ರವನ್ನು ಮತ್ತೊಂದರ ಋಣಾಗ್ರಕ್ಕೆ ಕೂಡಿಸಿ, ಆ ಸಂಧಿಯನ್ನು ಸೊನ್ನೆಯೆಂದು ಹಿಡಿದೊಡನೆ ಮೇಲೆ 9, ಕೆಳಗೆ 9 ವೋಲ್ಟ್ ದೊರೆತವು. ಎರಡೂ ಕಡೆಗೆ 5 ವೋಲ್ಟ್ ಏರಿಳಿಯಬೇಕಾದ ಅಲೆಗೆ ಅಷ್ಟು ಸಾಕು. 10 ವೋಲ್ಟ್ ಬೇಕಾದಲ್ಲಿ ಮೇಲೆ ಕೆಳಗೆ ಹದಿನೈದು ಹದಿನೈದು ವೋಲ್ಟಿನ ಸಪ್ಲೈ ಯೋಗ್ಯ. ಆದರೆ ಸಾಮಾನ್ಯ 741ಕ್ಕೆ 18 ವೋಲ್ಟೇ ಪರಮಾವಧಿ, ಮೀರಿದರೆ ಹಾನಿ. ಸೊನ್ನೆಗಿಂತ ಕೆಳಗಿಳಿಯದ ಉಷ್ಣಮಾಪಕದಂತಹ ಸಂಕೇತಕ್ಕಾದರೋ ಎಲ್.ಎಂ.358 ಎಂಬ ಐ.ಸಿ. ಒಂದೇ ಸಪ್ಲೈಯಿಂದ ಕೆಲಸ ಮಾಡಬಲ್ಲದು.

ಉಪಕರಣ ಕೊಳ್ಳುವ ಉಪಾಧ್ಯಾಯರೂ ಅದಕ್ಕೆ ನೆರವಾಗುವ ದಾನಿಗಳೂ ಈ ಕ್ರಮವನ್ನು ಗಮನಿಸಬೇಕೆಂದು ನನ್ನ ವಿನಂತಿ. ಸಂಕೇತ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದು ಮೊದಲು, ಐ.ಸಿ.ಯ ಮಿತಿ ಆಮೇಲೆ. ಪವರ್ ಸಪ್ಲೈಯ ಬೆಲೆ ಕಡೆಗೆ. ಕೈಬಿಡಬೇಕೆಂದಿದ್ದ ಆ ಹುಡುಗ ಈ ಕ್ರಮದಿಂದಲೇ ತನ್ನ ಪ್ರಯೋಗವನ್ನು ಪೂರೈಸಿದನು.

ಬ್ಯಾಟರಿಯೂ ಕಾಲಕ್ರಮದಲ್ಲಿ ಬಳಲುತ್ತದೆ. 9 ವೋಲ್ಟು 7ಕ್ಕೆ ಕುಸಿದರೆ ಅಲೆಯ ಎಡೆಯೂ ಕುಗ್ಗುತ್ತದೆ. ಆಗ ವರ್ಧನವನ್ನು ತಗ್ಗಿಸಬೇಕು, ಇಲ್ಲವೇ ಬ್ಯಾಟರಿಯನ್ನು ಬದಲಿಸಬೇಕು. ಐವತ್ತು ದಾಟಿದ ನಾನು ಶ್ರುತಿಯನ್ನು ತುಸು ಇಳಿಸಿಕೊಂಡಿದ್ದೇನೆ. ಎರಡನೆಯ ಅನುಕೂಲ ಕಂಠಕ್ಕಿಲ್ಲ.