ಸೇಂದಿ ಅಂಗಡಿಯ ಎಂಟು ತಾಸು

ಯಾದಗಿರಿಯ ಮೇ ತಿಂಗಳಿನಲ್ಲಿ ಬೆಂಕಿ ಕಾಯಿಸುತ್ತ ಮಲಗುವವರಿದ್ದಾರೆಂದರೆ ಯಾರೂ ನಂಬಲಿಕ್ಕಿಲ್ಲ. ನಮ್ಮ ಅಣ್ಣನ ಮಗ ಅಂಥವನು. ಉರಿಯುವ ಕಟ್ಟಿಗೆ ಇರುವುದು ಅವನ ಮೊಬೈಲಿನೊಳಗೆ. ಹೊರಗೆ ಬೆಟ್ಟದ ಬಂಡೆ ರಾತ್ರಿ ಹತ್ತಾದರೂ ಆರಿರುವುದಿಲ್ಲ, ಕರೆಂಟು ಬಂದು ಹೋಗಿ ಮಾಡುತ್ತಿರುತ್ತದೆ. ಅವನ ಕಿವಿಯಲ್ಲಿ ಮಾತ್ರ ಯುರೋಪಿನ ಯಾವುದೋ ಹೆಂಡದಂಗಡಿ; ಹೊರಗೆ ಹಿಮ, ಒಳಗೆ ಚಟಪಟ ಬೆಂಕಿ, ಮೂಲೆಯಲ್ಲೊಬ್ಬ ಕೊಳಲೂದುವವ.

“ಇದೇನೋ ಹಚ್ಚೀದಿ?”

“ಮಿಡೀವಲ್ ಟ್ಯಾವರ್ನ್ ಮ್ಯೂಸಿಕ್ ರೀ ಕಾಕಾ. ಸಾವಿರ ವರ್ಷದ ಹಿಂದಿಂದು.”

“ಎಷ್ಟೊತ್ತು ಐತಿ?”

“ಎಂಟು ತಾಸು.”

ನಮ್ಮ ಮನೆಯಲ್ಲಿ ಸೇಂದಿ ಅಂಗಡಿಯ ಹೆಸರೆತ್ತಿದರೆ ಅವ್ವ ಊಟದ ತಾಟು ಕುಕ್ಕುತ್ತಿದ್ದಳು. ಅದೇ ಮನೆಯಲ್ಲಿ ಈಗ ಪರದೇಶದ ಸೇಂದಿ ಅಂಗಡಿ ಬೆಳತನಕ ನಡೆಯುತ್ತದೆ, ಯಾರದೂ ತಕರಾರಿಲ್ಲ.

ಸಾವಿರ ವರ್ಷದ ಲೆಕ್ಕಕ್ಕೆ ಮಾತ್ರ ನನ್ನದು ತಕರಾರಿದೆ. ಇಂಥ ಹಾಡುಗಳಲ್ಲಿ ಆಗಾಗ ಟಿಣಿಟಿಣಿ ಎನ್ನುವ ಬುಝೂಕಿ ಎಂಬ ತಂತಿವಾದ್ಯ ಗ್ರೀಸ್ ದೇಶದ್ದು. ಇಂಥ ಹಾಡುಗಳಿಗೆ ಧಾಟಿ ಕೊಟ್ಟ ಐರ್ಲೆಂಡಿನ ಹಾಡುಗಾರರ ಕೈಗೆ ಅದು ಬಂದದ್ದು 1960ರ ದಶಕದಲ್ಲಿ. ಅಂದರೆ ಹುಡುಗನ ಅಪ್ಪನ ವಾರಿಗೆಯದು. ನಿಜವಾದ ಆ ಕಾಲದ ಕುಡುಕರ ಪದಗಳೂ ಇಲ್ಲದಿಲ್ಲ. 1803ರಲ್ಲಿ ಬವೇರಿಯಾದ ಒಂದು ಮಠದಲ್ಲಿ ಸಿಕ್ಕ ‘ಕಾರ್ಮಿನಾ ಬುರಾನಾ’ ಹಸ್ತಪ್ರತಿಯಲ್ಲಿ ಓದು ಬಲ್ಲ ಪುಂಡರು ಲ್ಯಾಟಿನ್ನಿನಲ್ಲಿ ಕಟ್ಟಿದ ಕುಡಿತದ ಹಾಡುಗಳಿವೆ. ಕೆಲವಕ್ಕೆ ರಾಗದ ಗುರುತೂ ಉಂಟು. ಆದರೆ ಆ ಗುರುತು ದನಿ ಏರಿತೋ ಇಳಿಯಿತೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಏರಿತು ಎಂಬುದನ್ನಲ್ಲ. ಲೋಕವೆಲ್ಲ ಕೇಳಿರುವ ಅದರ ಗದ್ದಲದ ಸಂಗೀತವನ್ನು ಕಾರ್ಲ್ ಓರ್ಫ್ ಕಟ್ಟಿ ಜನರ ಮುಂದಿಟ್ಟದ್ದು 1937ರಲ್ಲಿ. ಉಳಿದದ್ದನ್ನು ವಿಡಿಯೊ ಗೇಮಿನವರು ತುಂಬಿದರು.

ಆದರೂ ಹುಡುಗನನ್ನು ಬೈಯಲು ಮನಸ್ಸು ಬರುವುದಿಲ್ಲ, ಯಾಕೆಂದರೆ ನಮ್ಮ ಓಣಿಯ ಭಜನಾ ಮಂಡಳಿಯವರನ್ನು ನಾನು ಬಲ್ಲೆ. ಶಹಾಪುರದಿಂದ ಬಹಳ ದೂರವಲ್ಲದ ಕಡಕೋಳದ ಮಡಿವಾಳಪ್ಪನವರ ತತ್ವಪದವನ್ನು ಅವರು ಶುರು ಮಾಡುವುದೇ ಹಾರ್ಮೋನಿಯಂ ತಿದಿ ಒತ್ತಿ. ಆ ಪೆಟ್ಟಿಗೆಗೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕದ್ದು 1842ರಲ್ಲಿ. ನೆಲಕ್ಕೆ ಕುಳಿತು ಕೈಯಿಂದ ಗಾಳಿ ಹಾಕುವ ನಮ್ಮ ಮಾದರಿ ಕಲ್ಕತ್ತೆಯಲ್ಲಿ ತಯಾರಾಗುವ ಹೊತ್ತಿಗೆ ಮಡಿವಾಳಪ್ಪನವರು ಇರಲಿಲ್ಲ. ಇದು ನಮ್ಮದಲ್ಲ ಎಂದು 1940ರಲ್ಲಿ ರೇಡಿಯೋದವರು ಅದನ್ನು ಹೊರಗೂ ಹಾಕಿದ್ದರು. ಭಜನೆಯವರು ಹಾಕಲಿಲ್ಲ. ಮಂಡಳಿಯ ಹಿರಿಯರೊಬ್ಬರು ಕಣ್ಣು ಮುಚ್ಚಿ “ಇದು ಅಸಲಿ ಹಳೇ ಧಾಟಿ ನೋಡ್ರಿ” ಎನ್ನುತ್ತಾರೆ. ಎರಡನೇ ನುಡಿಗೆ ಬರುವಷ್ಟರಲ್ಲಿ ಅದು ರಾಜಕುಮಾರ್ ಸಿನಿಮಾದ ಧಾಟಿ ಎಂದು ಹೆಣ್ಣುಮಕ್ಕಳೆಲ್ಲ ಗುರುತಿಸಿರುತ್ತಾರೆ. ಏಕತಾರಿ, ದಮ್ಮಡಿ ಇಟ್ಟುಕೊಂಡು ಹಾಡುವವರು ಇನ್ನೂ ಇದ್ದಾರೆ, ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಹುಡುಕಿದರೆ ಸಿಗುತ್ತಾರೆ. ಮೈಕು ಮಾತ್ರ ಅವರಿಗೆ ಕಡೆಗೆ ಸಿಗುತ್ತದೆ.

ಈ ಅಸಲಿಯ ವ್ಯಾಜ್ಯಕ್ಕೆ ಸುರಪುರದ ಸಾಕ್ಷಿಯೊಬ್ಬನಿದ್ದಾನೆ. 1841ರಲ್ಲಿ ಸಂಸ್ಥಾನ ನೋಡಿಕೊಳ್ಳಲು ಬಂದು, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿ, ಬಾಲಕ ರಾಜಾ ವೆಂಕಟಪ್ಪ ನಾಯಕನಿಂದ ‘ಅಪ್ಪಾ’ ಎನಿಸಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಕೆಲಸ ಬಿಟ್ಟು ಡಬ್ಲಿನ್ನಿಗೆ ಹೋದ ಮೇಲೆ, ಅಲ್ಲಿನ ಅಕಾಡೆಮಿಗೆ ಒಬ್ಬ ಕರ್ನಲ್ ಕೊಟ್ಟ ಭಾರತದ ವಾದ್ಯಗಳನ್ನು ಒಂದೊಂದಾಗಿ ವಿವರಿಸಿ ಪಟ್ಟಿ ಬರೆದ. ನಮ್ಮ ಕಡೆಯ ಊದುವ, ಬಡಿಯುವ, ಮೀಟುವ ಸಾಮಾನೆಲ್ಲ ಹೀಗೆ ಐರ್ಲೆಂಡಿನ ಕಪಾಟು ಸೇರಿದ ಮೇಲೆ, ನೂರು ವರ್ಷಕ್ಕೆ ಅದೇ ಐರ್ಲೆಂಡಿಗೆ ಗ್ರೀಸಿನ ಬುಝೂಕಿ ಬಂತು. ಅಲ್ಲಿಂದ ಕಾಲ್ಪನಿಕ ಹೆಂಡದಂಗಡಿಗೆ, ಅಲ್ಲಿಂದ ನಮ್ಮ ಹುಡುಗನ ದಿಂಬಿನಡಿಗೆ. ಲೆಕ್ಕ ಚುಕ್ತಾ.

ನನಗೆ ಕೆಡುಕೆನಿಸುವುದು ಬೇರೆ. ಈಚಲ ಮರದ ಗಡಿಗೆಯಿಂದ ಇಳಿದ ಸೇಂದಿ ಕುಡಿಯಲು ಕೂಡುತ್ತಿದ್ದ ನಮ್ಮ ಮಂದಿಯ ಹಾಡನ್ನು ಯಾರೂ ಹಿಡಿದಿಡಲಿಲ್ಲ. ನಿಜಾಮನ ಸರ್ಕಾರ ಸೇಂದಿಯ ರೊಕ್ಕ ಎಣಿಸಿಕೊಂಡಿತು, ಪದ ಬರೆದುಕೊಳ್ಳಲಿಲ್ಲ. ಚಿಕ್ಕವನಿದ್ದಾಗ ಅಂಗಡಿಯ ಗ್ವಾಡಿಯಾಚೆಯಿಂದ ಕೇಳುತ್ತಿತ್ತು: ಮೊಹರಂದ ರಿವಾಯತ ಪದದ ಅರ್ಧ, ತತ್ವಪದದ ಅರ್ಧ, ನಡುವೆ ಹೆಂಡತಿಯ ತವರಿನವರ ಮೇಲೆ ಸ್ವಂತ ರಚನೆ. ಹಲಗಿ ಬದಲು ಖಾಲಿ ಡಬ್ಬ. ಬಿಳಿ ಪುಡಿ ಬೆರೆಸಿದ ಸೇಂದಿ ಅಸಲಿ ಇರುತ್ತಿರಲಿಲ್ಲ. ಅಳು ಅಸಲಿ ಇತ್ತು. ಸರ್ಕಾರ ಸೇಂದಿಯನ್ನೇ ಬಂದು ಮಾಡಿದ ಮೇಲೆ ಅಲ್ಲೊಂದು ಮೊಬೈಲ್ ರಿಪೇರಿ ಅಂಗಡಿ ಬಂತು.

“ಇದನ್ನ ಮಾಡೋ,” ಎಂದೆ ಹುಡುಗನಿಗೆ. “ಸುರಪುರದ ಸೇಂದಿ ಅಂಗಡಿ, ಎಂಟು ತಾಸು. ಡಬ್ಬ ಬಡಿಯೋದು, ನಾಯಿ, ಉದ್ರಿ ಕೇಳಿದವನ ಜೋಡಿ ಜಗಳ, ಎಲ್ಲಾ ಹಾಕು. ನಾ ಹಾಡ್ತೀನಿ.”

ಅವನು ಇಯರ್‌ಫೋನ್ ತೆಗೆದು ಗಂಭೀರವಾಗಿ ವಿಚಾರ ಮಾಡಿದ.

“ಆಗಂಗಿಲ್ಲ ರೀ ಕಾಕಾ. ಮಂದಿ ಇದನ್ನ ಹಚ್ಚೂದು ನಿದ್ದಿ ಬರ್ಲಿ ಅಂತ.”