ಗುರಿ ಸಿಕ್ಕದ ವೇಗ

ಒಂದೇ ಆಟದಲ್ಲಿ 24 ಬ್ಯಾಟುಗಾರರನ್ನು ಔಟ್ ಮಾಡಿದವನು ಆ ಆಟವನ್ನೇ ಸೋಲುವುದುಂಟೆ? 1957ರ ಆಗಸ್ಟ್ 31ರಂದು ಅಮೆರಿಕದಲ್ಲಿ ಹಾಗೆಯೇ ಆಯಿತು. ಎಸೆದವನು ಕಿಂಗ್ಸ್‌ಪೋರ್ಟ್ ತಂಡದ ಸ್ಟೀವ್ ಡಾಲ್ಕೋವ್‌ಸ್ಕಿ. ವಯಸ್ಸು 18, ಕಣ್ಣಿಗೆ ದಪ್ಪ ಕನ್ನಡಕ.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ಪಿಚರ್. ಅರವತ್ತು ಅಡಿಗೂ ಹೆಚ್ಚು ದೂರದಿಂದ, 17 ಅಂಗುಲ ಅಗಲದ ತಟ್ಟೆಯ ಮೇಲೆ, ಬ್ಯಾಟುಗಾರನ ಮೊಣಕಾಲಿಗೂ ಎದೆಗೂ ನಡುವೆ ಹಾಯುವಂತೆ ಆತ ಎಸೆಯಬೇಕು. ಅಂಥ ಮೂರು ಎಸೆತಗಳಿಗೆ ಉತ್ತರ ಸಿಗದಿದ್ದರೆ ಬ್ಯಾಟುಗಾರ ಔಟ್. ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟುಗಾರ ಬ್ಯಾಟು ಬೀಸದೆಯೇ ಮೊದಲ ನೆಲೆಗೆ ನಡೆದುಬಿಡುತ್ತಾನೆ. ನಮ್ಮ ವೈಡ್ ಬಾಲಿನ ಅಣ್ಣ ಎನ್ನಿ. ಅಂದು ಡಾಲ್ಕೋವ್‌ಸ್ಕಿ ಹೀಗೆ ಪುಕ್ಕಟೆಯಾಗಿ ನಡೆಸಿದ್ದು 18 ಮಂದಿಯನ್ನು!

ಕೈಸಲಕರಣೆಗಳ ಕಾರ್ಖಾನೆಗಳಿಗೆ ಹೆಸರಾದ ನ್ಯೂ ಬ್ರಿಟನ್ ಆತನ ಊರು. ಶಾಲೆ ಮುಗಿಯುತ್ತಲೇ ಬಾಲ್ಟಿಮೋರ್ ಓರಿಯೋಲ್ಸ್ ತಂಡ 4000 ಡಾಲರ್ ಕೊಟ್ಟು ಸೇರಿಸಿಕೊಂಡಿತು. ದೊಡ್ಡ ತಂಡಗಳು ಎಳೆಯರನ್ನು ಸಣ್ಣ ಊರುಗಳ ತಂಡಗಳಿಗೆ ಕಳಿಸಿ ಪಳಗಿಸುತ್ತವೆ. ಅವೇ ಮೈನರ್ ಲೀಗ್‌ಗಳು. ಬಸ್ಸಿನ ಪ್ರಯಾಣ, ಅಲ್ಪ ಸಂಬಳ, ಮೇಲಿನಿಂದ ಕರೆ ಬಂದೀತೆಂಬ ಆಸೆ. ಡಾಲ್ಕೋವ್‌ಸ್ಕಿಯ ಒಂಬತ್ತು ವರ್ಷ ಅಲ್ಲೇ ಕಳೆಯಿತು.

ಆತನ ವೇಗದ ಬಗ್ಗೆ ನಂಬಲಾಗದ ಕತೆಗಳು ಬೇಕಾದಷ್ಟಿವೆ. ಅವನ್ನು ಬಿಟ್ಟು ಬರೀ ಲೆಕ್ಕ ನೋಡಿದರೂ ಬೆರಗು. 1960ರಲ್ಲಿ ಸ್ಟಾಕ್ಟನ್ ತಂಡಕ್ಕೆ 170 ಇನ್ನಿಂಗ್ಸ್ ಎಸೆದು ಔಟ್ ಮಾಡಿದ್ದು 262 ಮಂದಿಯನ್ನು, ಪುಕ್ಕಟೆ ನಡೆಸಿದ್ದೂ ಸರಿಯಾಗಿ 262. ಹೀಗಿರುವಾಗ ತರಬೇತುದಾರರು ಸುಮ್ಮನಿದ್ದಾರೆಯೆ? ಒಬ್ಬರು ತಟ್ಟೆಯ ಎರಡೂ ಪಕ್ಕ ಬ್ಯಾಟುಗಾರರನ್ನು ನಿಲ್ಲಿಸಿ ನಡುವೆ ಎಸೆಯಿಸಿದರು, ಇನ್ನೊಬ್ಬರು ಹಲಗೆಯ ಗುರಿ ಕಟ್ಟಿಸಿದರು, ಮತ್ತೊಬ್ಬರು ಆಟಕ್ಕೆ ಮುಂಚೆಯೇ ಎಸೆಯಿಸಿ ಎಸೆಯಿಸಿ ದಣಿಸಿದರು. ಎಲ್ಲರದೂ ಒಳ್ಳೆಯ ಉದ್ದೇಶವೇ. ಮಗನಿಗೆ ಗಣಿತ ಹತ್ತಲಿಲ್ಲವೆಂದು ಮೂರು ಕಡೆ ಟ್ಯೂಷನ್ನಿಗೆ ಹಾಕುವ ತಂದೆ ತಾಯಿಗಳ ಉದ್ದೇಶವೂ ಒಳ್ಳೆಯದೇ ತಾನೆ?

1962ರಲ್ಲಿ ಎಲ್ಮೈರಾ ತಂಡದಲ್ಲಿ ಆತನಿಗೆ ಅರ್ಲ್ ವೀವರ್ ಸಿಕ್ಕಿದರು. ಮುಂದೆ ಓರಿಯೋಲ್ಸ್ ತಂಡವನ್ನೇ ನಡೆಸಿ ದೊಡ್ಡ ಹೆಸರು ಮಾಡಿದವರು ಇವರು. ಈ ಹುಡುಗನಿಗೆ ಹೆಚ್ಚು ಹೇಳಿದಷ್ಟೂ ಗೊಂದಲ ಹೆಚ್ಚುತ್ತದೆ ಎಂಬುದು ಅವರಿಗೆ ತಿಳಿಯಿತು. ಅವರು ಹೇಳುವುದನ್ನೇ ಕಡಿಮೆ ಮಾಡಿದರು. ಎರಡೇ ಬಗೆಯ ಎಸೆತ ಸಾಕು, ತಟ್ಟೆಯ ನಡುವಿಗೆ ಎಸೆ, ಅಷ್ಟೆ. ಎರಡು ಸ್ಟ್ರೈಕ್ ಆದ ಮೇಲೆ ವೀವರ್ ಸಿಳ್ಳೆ ಹಾಕಿದರೆ ಇದ್ದ ಬಲವನ್ನೆಲ್ಲ ಬಿಟ್ಟು ಎಸೆಯಬಹುದು ಎಂಬ ಏರ್ಪಾಡಿತ್ತಂತೆ. ಆ ವರ್ಷ 160 ಇನ್ನಿಂಗ್ಸಿನಲ್ಲಿ 192 ಔಟ್. ನಡೆಸಿದ್ದು 114 ಮಂದಿಯನ್ನಷ್ಟೆ. ಐದು ವರ್ಷ ಯಾರಿಗೂ ಆಗದ್ದು ಒಂದೇ ಋತುವಿನಲ್ಲಿ ಆಯಿತು.

ದೊಡ್ಡ ತಂಡದ ಬಾಗಿಲು ತೆರೆಯಿತು. 1963ರ ಮಾರ್ಚಿನಲ್ಲಿ ಆತನಿಗೆ ಓರಿಯೋಲ್ಸ್ ಸಮವಸ್ತ್ರದ ಅಳತೆಯನ್ನೂ ತೆಗೆದುಕೊಂಡರು. ಅದೇ ಹೊತ್ತಿಗೆ ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯವೊಂದರಲ್ಲಿ ಎಡ ಮೊಣಕೈಗೆ ಪೆಟ್ಟಾಯಿತು. ಎಸೆಯುವ ಕೈಯೇ ಅದು. ಮೊದಲಿನ ವೇಗ ಮತ್ತೆ ಬರಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುವಂಥದು. ಆಡುವ ದಿನಗಳಲ್ಲೇ ಹತ್ತಿದ್ದ ಕುಡಿತ ಬಿಡಲಿಲ್ಲ. ಆಟ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಕೂಲಿ ಮಾಡಿದ, ನೆನಪು ಮಾಸಿತು. 1988ರಲ್ಲಿ ಬಂದ 'ಬುಲ್ ಡರ್ಹಮ್' ಚಿತ್ರದ ಅಂಕೆಯಿಲ್ಲದ ಪಿಚರ್ ಪಾತ್ರಕ್ಕೆ ಈತನೇ ಪ್ರೇರಣೆ. ಚಿತ್ರ ಬರೆದು ನಿರ್ದೇಶಿಸಿದ ರಾನ್ ಶೆಲ್ಟನ್ ಸ್ವತಃ ಮೈನರ್ ಲೀಗಿನಲ್ಲಿ ಆಡಿದವರು. 1994ರಲ್ಲಿ ಸೋದರಿ ಆತನನ್ನು ನ್ಯೂ ಬ್ರಿಟನ್ನಿಗೆ ಕರೆತಂದು ಶುಶ್ರೂಷಾಲಯದಲ್ಲಿ ಇರಿಸಿದಳು. ಅಲ್ಲಿ ಕುಡಿತವಿಲ್ಲದೆ 26 ವರ್ಷ ಬಾಳಿದ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ತೀರಿಕೊಂಡಾಗ 80 ವರ್ಷ.

ಅದಕ್ಕೆ ಮುಂಚೆ, 2003ರ ಸೆಪ್ಟೆಂಬರಿನಲ್ಲಿ, ಬಾಲ್ಟಿಮೋರಿನ ಮೈದಾನದಲ್ಲಿ ಪಂದ್ಯಕ್ಕೆ ಮುನ್ನ ಎಸೆಯುವ ಗೌರವದ ಮೊದಲ ಚೆಂಡನ್ನು ಓರಿಯೋಲ್ಸ್‌ನವರು ಆತನ ಕೈಗೆ ಕೊಟ್ಟರು. ಲೆಕ್ಕಕ್ಕೆ ಸೇರದ ಎಸೆತ ಅದು. ಆದರೂ, ಕೊನೆಗೊಮ್ಮೆ ದೊಡ್ಡ ತಂಡದ ಮೈದಾನದಲ್ಲಿ ಡಾಲ್ಕೋವ್‌ಸ್ಕಿ ಚೆಂಡೆಸೆದ.