ಎಂಟು ವರ್ಷಗಳ ನಂತರ ಅದೇ ಎದುರಾಳಿ

ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನ ಪಡೆದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಓಟದಲ್ಲಿ ನಾಲ್ಕನೆಯವನಾಗಿ ಬಂದ ಹುಡುಗನ ಹೆಸರು ಮರುದಿನ ದೈಹಿಕ ಶಿಕ್ಷಕರಿಗೂ ನೆನಪಿರುವುದಿಲ್ಲ. ಮೂರು ದಶಕಗಳ ಅಧ್ಯಾಪನದಲ್ಲಿ ಇದನ್ನು ವರ್ಷವರ್ಷವೂ ಕಂಡವನು ನಾನು. ಅದರಿಂದಲೋ ಏನೋ, ಪದಕ ಗೆಲ್ಲದ ಆಟಗಾರರ ಬಗ್ಗೆ ನನಗೊಂದು ವಿಶೇಷ ಆಸ್ಥೆ. ಅಂಥವರಲ್ಲೊಬ್ಬನಾದ ಐರ್ಲೆಂಡಿನ ಬ್ಯಾಡ್ಮಿಂಟನ್ ಆಟಗಾರ ಸ್ಕಾಟ್ ಇವಾನ್ಸ್‌ನನ್ನು ಇಂದು ನಿಮಗೆ ಪರಿಚಯಿಸುತ್ತೇನೆ.

ಇವಾನ್ಸ್ ಹುಟ್ಟಿದ್ದು 1987ರಲ್ಲಿ. ಐರ್ಲೆಂಡಿನ ಬ್ಯಾಡ್ಮಿಂಟನ್ ಸಂಸ್ಥೆ ಹುಟ್ಟಿದ್ದು 1899ರಲ್ಲಿ. 1921ರಲ್ಲಿ ದ್ವೀಪ ಇಬ್ಭಾಗವಾದರೂ ಸಂಸ್ಥೆ ಒಡೆಯಲಿಲ್ಲ. ಈ ಹುಡುಗ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿನ ಪರವಾಗಿ ಆಡಿದ. ಆ ನಾಡಿಗೆ ಈ ಆಟ ಹೊಸದೇನಲ್ಲ. 1920ರ ದಶಕದಲ್ಲಿ ಡಬ್ಲಿನ್ನಿನ ಫ್ರಾಂಕ್ ಡೆವ್ಲಿನ್ ಆಲ್ ಇಂಗ್ಲೆಂಡ್ ಪಂದ್ಯಾವಳಿಯನ್ನೇ ಆಳಿದವನು; ಸಿಂಗಲ್ಸ್, ಡಬಲ್ಸ್‌ಗಳೆಲ್ಲ ಸೇರಿ ಅವನ ಪ್ರಶಸ್ತಿಗಳು 18. 1934ರಲ್ಲಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿದ ಒಂಬತ್ತು ದೇಶಗಳಲ್ಲಿ ಐರ್ಲೆಂಡೂ ಒಂದು. ಆದರೆ ಇವಾನ್ಸ್ ರ‍್ಯಾಕೆಟ್ ಹಿಡಿಯುವ ಹೊತ್ತಿಗೆ ಆ ವೈಭವ ಹಳೆಯ ಕಥೆಯಾಗಿತ್ತು. ಏಷ್ಯಾದ ದೇಶಗಳೂ ಡೆನ್ಮಾರ್ಕೂ ಬಹಳ ಮುಂದೆ ಸಾಗಿದ್ದವು.

ಹದಿಹರೆಯದಲ್ಲಿಯೇ ಇವಾನ್ಸ್ ಮನೆ ಬಿಟ್ಟು ಡೆನ್ಮಾರ್ಕಿಗೆ ಹೋಗಿ ನೆಲೆಸಿದ. ಬೆಂಗಳೂರಿಗಿಂತ ಕಡಿಮೆ ಜನರಿರುವ ದೇಶವದು. ಆದರೆ ಬ್ಯಾಡ್ಮಿಂಟನ್ನಿಗೆ ಯುರೋಪಿನಲ್ಲೇ ದೊಡ್ಡ ಗುರುಕುಲ. ಇದನ್ನು ಓದಿದಾಗ ನನಗೆ ನಮ್ಮ ಪ್ರಕಾಶ್ ಪಡುಕೋಣೆಯವರು ನೆನಪಾದರು. ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ, ಮದುವೆಗಳಿಲ್ಲದ ದಿನಗಳಲ್ಲಿ ಆಡಿ ಬೆಳೆದ ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಆಟವನ್ನು ಇನ್ನಷ್ಟು ಹದಗೊಳಿಸಲು ಹೋದದ್ದೂ ಕೋಪನ್‌ಹೇಗನ್ನಿಗೇ. ಪ್ರಕಾಶರು ಹೋದದ್ದು ಶಿಖರ ಮುಟ್ಟಿದ ನಂತರ. ಇವಾನ್ಸ್ ಹೋದದ್ದು ಶಿಖರ ಕಣ್ಣಿಗೆ ಬೀಳುವ ಮೊದಲೇ.

2008ರ ಬೀಜಿಂಗ್ ಒಲಿಂಪಿಕ್ಸ್. ಮೊದಲ ಸುತ್ತಿನಲ್ಲೇ ಜರ್ಮನಿಯ ಮಾರ್ಕ್ ಜ್ವೀಬ್ಲರ್ ಎದುರಾದ. ಪಂದ್ಯ ಮೂರನೆಯ ಗೇಮಿನವರೆಗೂ ಹೋಯಿತು. ಆ ಕೊನೆಯ ಗೇಮನ್ನು ಇವಾನ್ಸ್ ಸೋತದ್ದು 19-21ರಿಂದ. ಅಲ್ಲಿಗೆ ಅವನ ಒಲಿಂಪಿಕ್ಸ್ ಮುಗಿಯಿತು. 2012ರಲ್ಲಿ ಲಂಡನ್. ಅಲ್ಲಿ ಎದುರಾದವನು ಚೀನಾದ ಲಿನ್ ಡಾನ್, ಆ ಸಲವೂ ಚಿನ್ನ ಗೆದ್ದವನು. 8-21, 14-21. ನಾಲ್ಕು ವರ್ಷ ಕಾಯುವುದು, ಒಂದು ಪಂದ್ಯ ಆಡುವುದು, ಹಿಂದಿರುಗುವುದು. ಎಷ್ಟು ಜನ ಮತ್ತೆ ರ‍್ಯಾಕೆಟ್ ಎತ್ತಿಕೊಂಡಾರು?

2016, ರಿಯೋ. ಇವಾನ್ಸ್‌ಗೆ 28 ವರ್ಷ. ಗುಂಪಿನಲ್ಲಿ ಎದುರಾದವನು ಮತ್ತೆ ಅದೇ ಜ್ವೀಬ್ಲರ್! ಮೊದಲ ಗೇಮ್ 9-21. ನೋಡುವವರಿಗೆ ಹಳೆಯ ಕಥೆಯೇ ಮರುಕಳಿಸಿದಂತೆ ಕಂಡಿರಬೇಕು. ಆದರೆ ಎರಡನೆಯದು 21-17, ಮೂರನೆಯದು 21-7. ಒಲಿಂಪಿಕ್ ಬ್ಯಾಡ್ಮಿಂಟನ್ ಸಿಂಗಲ್ಸ್ ಪಂದ್ಯವೊಂದನ್ನು ಐರಿಷ್ ಪುರುಷನೊಬ್ಬ ಗೆದ್ದದ್ದು ಅದೇ ಮೊದಲು. ಮುಂದೆ ಬ್ರೆಜಿಲ್ಲಿನ ಯಗೋರ್ ಕೊಯೆಲ್ಯೊನನ್ನು ಅವನದೇ ಜನರ ಕೂಗಾಟದ ನಡುವೆ ಸೋಲಿಸಿ ಕೊನೆಯ ಹದಿನಾರರ ಸುತ್ತು ತಲುಪಿದ. ಗೆಲುವಿನ ಸಂಭ್ರಮದಲ್ಲಿ ಅಂಗಿಯನ್ನೇ ಕಳಚಿಬಿಟ್ಟನಂತೆ. ಶಿಸ್ತಿನ ಮೇಷ್ಟ್ರಾದ ನನಗೂ ಅದು ತಪ್ಪೆನಿಸಲಿಲ್ಲ. ಹದಿನಾರರ ಸುತ್ತಿನಲ್ಲಿ ಅವನನ್ನು ತಡೆದವನು ವಿಕ್ಟರ್ ಆಕ್ಸೆಲ್ಸನ್: ಇವಾನ್ಸ್‌ಗೆ ಆಟ ಕಲಿಸಿದ ಡೆನ್ಮಾರ್ಕಿನವನೇ, ಮುಂದೆ ಟೋಕಿಯೋ ಮತ್ತು ಪ್ಯಾರಿಸ್‌ಗಳಲ್ಲಿ ಚಿನ್ನ ಗೆದ್ದವನು.

ಮೂರು ಒಲಿಂಪಿಕ್ಸ್, ಎರಡು ಗೆಲುವು. ಲೆಕ್ಕದ ಪುಸ್ತಕದಲ್ಲಿ ಇಷ್ಟೇ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮಗ ಒಂಬತ್ತನೆಯ ತರಗತಿ. ಜಿಲ್ಲಾ ಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡುತ್ತಾನೆ. “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಸಾರ್, ಆಟ ಬಿಡಿಸೋಣ ಅಂತಿದೀನಿ. ಅವನೇನು ಪ್ರಕಾಶ್ ಪಡುಕೋಣೆ ಆಗ್ತಾನಾ?” ಎಂದ. ಈ ಮಾತನ್ನು ಸೇವೆಯಲ್ಲಿದ್ದಾಗ ಎಷ್ಟು ತಂದೆತಾಯಿಯರ ಬಾಯಲ್ಲಿ ಕೇಳಿದ್ದೇನೋ! ಹಾಡುವ ಹುಡುಗಿಯ ತಾಯಿಯೂ, ಚಿತ್ರ ಬರೆಯುವ ಹುಡುಗನ ತಂದೆಯೂ ಬೇರೆ ಬೇರೆ ಹೆಸರು ಹಿಡಿದು ಇದನ್ನೇ ಕೇಳುತ್ತಿದ್ದರು. ಓದಿನ ಚಿಂತೆ ಸಹಜ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಗಣಿತ ಕಲಿಯುವ ಮಗುವನ್ನು “ನೀನೇನು ರಾಮಾನುಜನ್ ಆಗುತ್ತೀಯಾ?” ಎಂದು ಕೇಳಿ ನಾವು ಪುಸ್ತಕ ಮುಚ್ಚಿಸುವುದಿಲ್ಲವಷ್ಟೆ?

ನನ್ನ ವಿದ್ಯಾರ್ಥಿಗೆ ಅಂದು ಇವಾನ್ಸ್‌ನ ಕಥೆಯನ್ನೇ ಹೇಳಿದೆ. ಬೀಜಿಂಗಿನಲ್ಲಿ ಎರಡು ಅಂಕಗಳಿಂದ ಸೋತವನು ಎಂಟು ವರ್ಷ ಅಭ್ಯಾಸ ಬಿಡದೆ, ಅದೇ ಎದುರಾಳಿಯ ಮುಂದೆ ನಿಂತು, ಮೊದಲ ಗೇಮ್ ಕಳೆದುಕೊಂಡ ಮೇಲೂ ಗೆದ್ದನಲ್ಲ, ಆ ಗಟ್ಟಿತನ ಯಾವ ಪರೀಕ್ಷೆಗೆ ಬೇಡವಾದೀತು ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಗಿನ ಹೊತ್ತು ಒಂದು ಗಂಟೆ ಆಡಲಿ ಬಿಡಿ ಸಾರ್” ಎಂದ. ಸದ್ಯಕ್ಕೆ ಅಷ್ಟು ಸಾಕು.